ಹರಟೆಯೂ ಇರಲಿ, ಬಿಪಿ ಮಾತ್ರೆಯೂ ಇರಲಿ

ತುಮಕೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಸ್ನೇಹಿತರ ಜೊತೆ ದಿನಾ ನಕ್ಕರೆ ಸಾಕು, ಬಿಪಿ, ಶುಗರ್ ಮಾತ್ರೆ ಬೇಡ ಅಂತ ಹಾರ್ವರ್ಡ್ ಹೇಳಿದೆ.’ ಹಾಗೆ ಹೇಳಿಲ್ಲ.

1938ರಲ್ಲಿ ಶುರುವಾದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನ ಅಮೆರಿಕದ 724 ಗಂಡಸರನ್ನು ದಶಕಗಳ ಕಾಲ ಗಮನಿಸಿತು. 50ನೇ ವಯಸ್ಸಿನಲ್ಲಿ ತಮ್ಮವರ ಜೊತೆ ಚೆನ್ನಾಗಿದ್ದವರು 80ನೇ ವಯಸ್ಸಿನಲ್ಲಿ ಜಾಸ್ತಿ ಗಟ್ಟಿಯಾಗಿದ್ದರು. ಅಷ್ಟೇ. ಮಾತ್ರೆ ಬಿಡಿ ಅಂತ ಅದರಲ್ಲಿಲ್ಲ. ಒಡನಾಟವೊಂದೇ ಕಾರಣ ಅಂತಲೂ ಹೇಳಲಾಗದು. ಕಾಯಿಲೆ ಬಿದ್ದವರು ಹೊರಗೆ ಬರೋದೇ ಕಮ್ಮಿ, ಅಲ್ವಾ?

ಮಾತ್ರೆ ನಿಲ್ಲಿಸಿದ್ದರೆ ಇವತ್ತೇ ಡಾಕ್ಟರನ್ನು ಕಾಣಿ.

ಅಮಾನಿಕೆರೆ ವಾಕಿಂಗಿನ ಹರಟೆ ನನಗೂ ಇಷ್ಟ. ನಮ್ಮ ಗುಂಪಿನ ಹಿರಿಯರೊಬ್ಬರು ತಟ್ಟೆ ಇಡ್ಲಿ ಮುಗಿಸಿ, ಜೇಬಿನಿಂದ ಮಾತ್ರೆ ತೆಗೆದು, ‘ನಿಮ್ದು ಆಯ್ತಾ?’ ಅಂತ ಎಲ್ಲರನ್ನೂ ಕೇಳುತ್ತಾರೆ.