ಚಿಪ್ ಬದಲಿಸಿದ್ದು ಅವರು, ಬೈಸಿಕೊಂಡಿದ್ದು ನಾನು

ಎಲೆಕ್ಟ್ರಾನಿಕ್ ತಕ್ಕಡಿಗೆ ನಾನು ಬರೆದ ಕೋಡ್ ಸರಿ ಇಲ್ಲವಂತೆ! ಬೆಳಗ್ಗೆಯಿಂದ ಇದೊಂದೇ ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿದೆ. ಊಟ ಸೇರಲಿಲ್ಲ.

ಮೀಟಿಂಗ್ ರೂಮಿನಲ್ಲಿ ಡೀಲರ್ ಇದ್ದರು, ಪರ್ಚೇಸ್‌ನವರು ಇದ್ದರು, ಹೊಸದಾಗಿ ಸೇರಿದ ಟ್ರೈನಿ ಹುಡುಗಿಯೂ ಇದ್ದಳು. ಮೇಜಿನ ಮೇಲೆ ವಾಪಸ್ ಬಂದ ತಕ್ಕಡಿಗಳು. ಎಲ್ಲದರಲ್ಲೂ ಕ್ಯಾಲ್ ಎರರ್, ಅಂದರೆ ತೂಕ ಸರಿಹೊಂದಿಸಿಟ್ಟ ಲೆಕ್ಕ (ಕ್ಯಾಲಿಬ್ರೇಷನ್) ಕೆಟ್ಟಿದೆ ಅಂತ. ಸಾಹೇಬರು ಒಂದನ್ನು ನನ್ನ ಕಡೆ ತಳ್ಳಿದರು. "ಏನ್ರೀ, ಒಂದು ಮೆಮೊರಿ ಚಿಪ್‌ಗೆ ಬರೆದು ಓದೋಕೆ ಬರಲ್ವಾ ನಿಮಗೆ? ಇಂಟರ್ನೆಟ್ಟಲ್ಲೇ ಸಿಗುತ್ತಲ್ರೀ ಆ ಕೋಡು!" ಡೀಲರ್ ನಕ್ಕರು.

"ಒಂದ್ನಿಮಿಷ ಸರ್, ಬೋರ್ಡ್ ಬಿಚ್ಚಿ ನೋಡೋಣ" ಅಂದೆ.

"ಬಿಚ್ಚೋದು ಆಮೇಲೆ. ಮೊದಲು ಇವರ ಹತ್ರ ಸಾರಿ ಕೇಳಿ."

ಕೇಳಿದೆ. ಕೇಳಿಬಿಟ್ಟೆನಲ್ಲ! ಅದೇ ಉರಿಯುತ್ತಿರುವುದು. ನಾನು ಸಾರಿ ಅನ್ನುವಾಗ ಆ ಹುಡುಗಿ ನೋಟ್‌ಬುಕ್ಕಿನೊಳಗೆ ತಲೆ ಬಗ್ಗಿಸಿದಳು, ನನ್ನ ಮುಖ ನೋಡಬಾರದು ಅಂತ. ಪರ್ಚೇಸ್‌ನವರು ಮಾತ್ರ ಆರಾಮಾಗಿ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದರು. ಅದಾದರೂ ಮುರಿದು ಬೀಳಲಿ ಅಂತ ಶಾಪ ಹಾಕಿದೆ. ಬೀಳಲಿಲ್ಲ.

ಆಮೇಲೆ ಬಿಚ್ಚಿದೆ. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಚಿಪ್ ಮೇಲಿನ ಅಕ್ಷರ ಓದಿದೆ. 24ಸಿ64. ಬಿಒಎಂನಲ್ಲಿ (ಯಾವ ಬಿಡಿಭಾಗ ಹಾಕಬೇಕು ಅನ್ನುವ ಪಟ್ಟಿ) ಇರುವುದು 24ಸಿ256!

ಪಟ್ಟಿಯಲ್ಲಿರುವುದು 32 ಕೆಬಿ, ಹಾಕಿರುವುದು 8 ಕೆಬಿ. ಎರಡಕ್ಕೂ ಕಾಲು (ಪಿನ್) ಎಂಟೇ. ಪ್ರೊಸೆಸರ್ ಜೊತೆ ಮಾತಾಡುವ ಐ2ಸಿ ತಂತಿಯಲ್ಲಿ ಅಡ್ರೆಸ್ ಅದೇ ಹೆಕ್ಸ್ 50. ಒಳಗಿನ ಜಾಗಕ್ಕೆ ಎರಡು ಬೈಟ್ ಕಳಿಸುವುದೂ ಅದೇ. ಗೊತ್ತಾಗುವುದು ಹೇಗೆ? 8 ಕೆಬಿಯಲ್ಲಿ ಜಾಗ ಇರುವುದು ಸೊನ್ನೆಯಿಂದ 8191ರ ತನಕ. 8192ನೇ ಜಾಗಕ್ಕೆ ಬರಿ ಅಂದರೆ ಈ ಪುಣ್ಯಾತ್ಮ ಚಿಪ್ ಆಗಲ್ಲ ಅನ್ನುವುದಿಲ್ಲ. ಮೇಲಿನ ಬಿಟ್‌ಗಳನ್ನು ಬಿಟ್ಟು ಸೀದಾ ಸೊನ್ನೆಗೆ ಹೋಗಿ ಬರೆಯುತ್ತದೆ, ಆಕ್ (ಸಿಕ್ಕಿತು ಅನ್ನುವ ಸಂಕೇತ) ಕೊಡುತ್ತದೆ. ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುತ್ತೇನೆ ಸ್ವಾಮಿ, ನೋಡುತ್ತೇನೆ! ಓದುವಾಗಲೂ ಅದೇ ಸೊನ್ನೆಗೆ ಹೋಗುತ್ತದಲ್ಲ, ತಾಳೆ ಆಗಿಯೇ ಆಗುತ್ತದೆ. ಆ ಸೊನ್ನೆಯಲ್ಲಿ ಇದ್ದದ್ದು ಕ್ಯಾಲಿಬ್ರೇಷನ್. ಮೊದಲ 256 ಬೈಟ್ ಅದಕ್ಕೆ, ಆಮೇಲೆ ತಕ್ಕಡಿ ಹೊಡೆಯುವ ಒಂದೊಂದು ಬಿಲ್ಲಿಗೆ 16 ಬೈಟ್. 496 ಬಿಲ್ ತನಕ ಎಲ್ಲ ಚೆನ್ನ. 497ನೆಯದು ಕ್ಯಾಲಿಬ್ರೇಷನ್ ತಲೆ ಮೇಲೆ. ನಾಲ್ಕು ಬಿಲ್ ಹೊಡೆದು ಪಾಸ್ ಅನ್ನುವ ಟೆಸ್ಟಿಂಗ್‌ನವರಿಗೆ ಇದು ಎಲ್ಲಿ ಕಾಣಬೇಕು?

ಪರ್ಚೇಸ್‌ನವರನ್ನು ಕೇಳಿದರೆ, "ಅದೂ 24ಸಿ, ಇದೂ 24ಸಿ ಅಲ್ವಾ ಸರ್? ಸ್ಟಾಕ್ ಇರಲಿಲ್ಲ. ಓಡ್ತಾ ಇತ್ತಲ್ಲ?"

ನಾನೋ, ಸುಮ್ನೆ 5 ಮಿಲಿಸೆಕೆಂಡ್ ಡಿಲೇ ಹಾಕಿ ಮನೆಗೆ ಹೋಗುವುದು ಬಿಟ್ಟು ಬರೆದು ಮುಗಿಯಿತಾ ಅಂತ ಚಿಪ್ಪನ್ನೇ ಮತ್ತೆ ಮತ್ತೆ ಕೇಳುವ ಆಕ್ ಪೋಲಿಂಗ್ ಬರೆದ ಮಹಾಶಯ. ಪೇಜ್ (ಚಿಪ್ ಒಂದೇ ಸಲಕ್ಕೆ ಬರೆಸಿಕೊಳ್ಳುವ ತುಂಡು) ಗಡಿ ದಾಟದ ಹಾಗೆ ಲೆಕ್ಕ ಹಾಕಿದೆ. ಡೇಟಾ ಕೆಟ್ಟರೆ ಹಿಡಿದುಕೊಡುವ ಸಿಆರ್‌ಸಿ ಹಾಕಿದೆ. ಅದು ಇದ್ದದ್ದಕ್ಕೇ ತಕ್ಕಡಿ ತಪ್ಪು ತೂಕ ತೋರಿಸದೆ ಎರರ್ ಅಂತ ನಿಂತಿತು. ಶಾಲು ಹೊದಿಸಬೇಕಿತ್ತು ನನಗೆ, ಹಣ್ಣಿನ ಬುಟ್ಟಿ ಸಮೇತ.

ಹೋಗಲಿ ಬಿಡಿ. ಇಎಂಐ ಇದೆ, ಬೈಸಿಕೊಳ್ಳುವುದೂ ಸಂಬಳದೊಳಗೇ ಬಂತು. ಅಲ್ಲ, ಯಾಕೆ ಬಿಡಬೇಕು? ಪ್ರತಿ ತಕ್ಕಡಿಗೂ ಈಗ ಮತ್ತೆ ಕ್ಯಾಲಿಬ್ರೇಷನ್, ಮತ್ತೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ. ಆ ಖರ್ಚಿನ ಮುಂದೆ ಚಿಪ್‌ನಲ್ಲಿ ಉಳಿಸಿದ್ದು ಚಿಲ್ಲರೆ. ಪರ್ಚೇಸ್‌ನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ಉತ್ತರ ಕೊಡಿ. ಪಾರ್ಟ್ ಬದಲಿಸುವಾಗ ಫರ್ಮ್‌ವೇರ್ (ಯಂತ್ರದೊಳಗಿನ ಕೋಡ್) ಬರೆಯುವವನಿಗೆ ಒಂದು ಫೋನ್ ಮಾಡಲು ನಿಮಗೇನು ಕಷ್ಟ?

ಎರಡೂ ಚಿಪ್‌ಗಳ ಫೋಟೊ ಆಫೀಸ್ ಗ್ರೂಪಿಗೆ ಹಾಕಿದೆ. ತುಂಬ ಹೊತ್ತು ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಸಾಹೇಬರು: "ಓಕೆ. ಸಾಫ್ಟ್‌ವೇರಲ್ಲೇ ಅಡ್ಜಸ್ಟ್ ಮಾಡಿ. ಸೋಮವಾರ ಬೇಕು."

ಮಾಡುತ್ತಿದ್ದೇನೆ. 8192ರಲ್ಲಿ ಒಂದು ಬೈಟ್ ಬದಲಿಸಿ, ಸೊನ್ನೆಯಲ್ಲಿರುವುದೂ ಬದಲಾಯಿತಾ ಅಂತ ಪವರ್ ಆನ್ ಆದ ಕೂಡಲೇ ನೋಡುವ ಕೋಡ್. ಪರ್ಚೇಸ್‌ನವರು ಸಾಹೇಬರ ಆ ಮೆಸೇಜಿಗೆ ಹೆಬ್ಬೆರಳು ಎತ್ತಿದ್ದಾರೆ.