ಎರಡೂ ಕೇಬಲ್ ಒಂದೇ ಸ್ವಿಚ್ಚಿಗೆ

ಪೋರ್ಟ್ 11, ಪೋರ್ಟ್ 12. ಅಕ್ಕಪಕ್ಕ! ಜೋಡಿ ಸರ್ವರ್‌ಗಳು ‘ಬದುಕಿದ್ದೇನೆ’ ಎಂದು ಒಂದಕ್ಕೊಂದು ತಿಳಿಸುವ ಹಾರ್ಟ್‌ಬೀಟ್ ಕೇಬಲ್‌ಗಳು ಬೇರೆ ಬೇರೆ ಸ್ವಿಚ್‌ಗಳಿಗೆ ಹೋಗಬೇಕು ಎಂದು ನೆಟ್‌ವರ್ಕ್ ತಂಡಕ್ಕೆ ಮೂರು ಸಲ ಮೇಲ್ ಬರೆದಿದ್ದೆ. ‘ಆಗಿದೆ’ ಎಂದು ಒಂದೇ ಪದದ ಉತ್ತರ ಬಂದಿತ್ತು. ನಂಬಿದೆ.

ನಿನ್ನೆ ರಾತ್ರಿ ಎರಡೂಕಾಲಿಗೆ ನೆಟ್‌ವರ್ಕ್ ತಂಡದವರು ನಮಗೆ ಒಂದು ಮಾತೂ ಹೇಳದೆ ಆ ಸ್ವಿಚ್ಚಿನ ಫರ್ಮ್‌ವೇರ್ ಬದಲಿಸಿ ರೀಸ್ಟಾರ್ಟ್ ಮಾಡಿದ್ದಾರೆ. ನಾಲ್ಕು ನಿಮಿಷ. ಮೊದಲ ನೋಡ್‌ಗೆ, ಅಂದರೆ ಜೋಡಿಯ ಮೊದಲ ಸರ್ವರ್‌ಗೆ, ಎರಡನೆಯದು ಸತ್ತಂತೆ ಕಂಡಿತು, ಎರಡನೆಯದಕ್ಕೆ ಮೊದಲನೆಯದು. ಇರುವುದೇ ಎರಡು ನೋಡ್, ಅವುಗಳ ನಂಟು ನೋಡಿಕೊಳ್ಳುವ ಕೊರೊಸಿಂಕ್‌ನಲ್ಲಿ ಟೂ ನೋಡ್ ಆಯ್ಕೆ ಇದ್ದುದರಿಂದ ಒಂಟಿಯಾದರೂ ಕೋರಂ, ಅಂದರೆ ಸೇವೆ ನಡೆಸಲು ಬೇಕಾದ ಬಹುಮತ, ಹೋಗಲಿಲ್ಲ. ಗ್ರಾಹಕರು ಬಂದು ತಲುಪುವ ವಿಳಾಸವಾದ ವರ್ಚುವಲ್ ಐಪಿಯನ್ನು ಎರಡೂ ನೋಡ್‌ಗಳು ಎತ್ತಿಕೊಂಡವು, ಒಂದರ ಡಿಸ್ಕ್ ಬರಹವನ್ನು ಇನ್ನೊಂದಕ್ಕೆ ನಕಲಿಸುವ ಡಿಆರ್‌ಬಿಡಿ ಎರಡೂ ಕಡೆ ಪ್ರೈಮರಿ, ಅಂದರೆ ಬರೆಯುವ ಕಡೆ, ಆಯಿತು, ಎರಡೂ ಕಡೆ ಡೇಟಾಬೇಸ್ ಬರೆಯತೊಡಗಿತು. ಗ್ರಾಹಕರ ನೆಟ್‌ವರ್ಕ್ ಬೇರೆಯಾಗಿದ್ದು ನೆಟ್ಟಗೇ ಇತ್ತು. ಅದೇ ಮುಳುವಾಯಿತು, ಎರಡೂ ಕಡೆಗೆ ಬರಹ ಬರುತ್ತಲೇ ಇತ್ತು. ಯಾವ ಕಡೆಯ ಬರಹ ಉಳಿಯಬೇಕು, ಯಾವುದು ಹೋಗಬೇಕು ಎಂದು ಬೆಳಗಿನ ಜಾವ ನಾನೊಬ್ಬನೇ ತೀರ್ಮಾನಿಸಿದೆ. ‘ಡಿಸ್ಕಾರ್ಡ್ ಮೈ ಡೇಟಾ’ ಎಂದು ಟೈಪ್ ಮಾಡುವಾಗ ಬೆರಳು ನಡುಗುತ್ತಿತ್ತು. ಯಾರದೋ ಹಣ ಕಟ್ಟಿದ ದಾಖಲೆಗಳು ಅವು.

ಇದನ್ನೆಲ್ಲ ಸಹಿಸಬಹುದು. ಹತ್ತು ಗಂಟೆಯ ಮೀಟಿಂಗ್ ಸಹಿಸಲು ಆಗುತ್ತಿಲ್ಲ.

ಹದಿನೇಳು ಜನರಿದ್ದರು. ಮ್ಯಾನೇಜರ್, “ನಿಮ್ಮ ಕಾನ್ಫಿಗರೇಶನ್ ಪರದೆಯ ಮೇಲೆ ಹಾಕಿ, ಜೋರಾಗಿ ಓದಿ” ಎಂದರು. ಓದಿದೆ. ಸ್ಟೋನಿತ್ ಎನೇಬಲ್ಡ್, ಫಾಲ್ಸ್. “ನಿಲ್ಲಿಸಿ. ಆ ಸಾಲನ್ನು ಇನ್ನೊಮ್ಮೆ ಓದಿ.” ಮತ್ತೆ ಓದಿದೆ. ಮೂವತ್ತೆಂಟು ವಯಸ್ಸಿನವನು ನಾನು, ಮಗ್ಗಿ ತಪ್ಪಿದ ಹುಡುಗನ ಹಾಗೆ ಓದಿದೆ. “ಇದನ್ನು ಹಾಕಿದವರು ಯಾರು?” ಲಾಗ್‌ನಲ್ಲಿ ನನ್ನದೇ ಹೆಸರು. ಎದುರು ನೋಡ್‌ನ ವಿದ್ಯುತ್ ಕಡಿದು, ಅದು ನಿಂತಿದೆ ಎಂದು ಖಚಿತವಾದ ಮೇಲೆಯೇ ಸೇವೆ ಎತ್ತಿಕೊಳ್ಳಲಿ ಎಂದು ನಾನೇ ಕಟ್ಟಿದ್ದ ವ್ಯವಸ್ಥೆ ಆ ಸ್ಟೋನಿತ್; ಫಾಲ್ಸ್ ಎಂದರೆ ಅದು ಆಫ್. “ಸುಮ್ಮಸುಮ್ಮನೆ ಸರ್ವರ್ ರೀಸ್ಟಾರ್ಟ್ ಆಗುತ್ತದೆ, ಸದ್ಯಕ್ಕೆ ತೆಗೆದುಬಿಡಿ” ಎಂದವರು ಇದೇ ಮ್ಯಾನೇಜರ್! ಕಾಫಿ ಯಂತ್ರದ ಬಳಿ ನಿಂತು ಹೇಳಿದ್ದು. ಬರಹದಲ್ಲಿಲ್ಲ. ಬಾಯಿ ತೆರೆದೆ, ಮಾತು ಹೊರಡಲಿಲ್ಲ.

ಆಮೇಲೆ ಕೇಳಿದರು: “ಒಂದೇ ಸರ್ವರ್ ಇದ್ದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ, ಅಲ್ಲವೇ?”

ನಿಜ. ಆಗುತ್ತಿರಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿರುವುದು ಅದಕ್ಕೇ. ನೆಟ್‌ವರ್ಕ್ ತಂಡದವರು ಕ್ಯಾಮೆರಾ ಆರಿಸಿಕೊಂಡು ತುಟಿ ಬಿಚ್ಚದೆ ಕುಳಿತಿದ್ದರು.

ನನ್ನ ತಪ್ಪಿಲ್ಲವೇ? ಇದೆ. ಎರಡು ಕೇಬಲ್‌ಗಳನ್ನು ಒಂದೇ ಕೊಂಡಿಯಂತೆ ಬೆಸೆಯುವ ಬಾಂಡಿಂಗ್‌ನ ಫೈಲ್ ತೆರೆದು ನೋಡಿದ್ದೆ, ಎರಡೂ ಕೊಂಡಿ ‘ಅಪ್’ ಎಂದಿತ್ತು, ಅಷ್ಟಕ್ಕೇ ಸಮಾಧಾನಪಟ್ಟುಕೊಂಡೆ. ಕೇಬಲ್‌ನ ಆಚೆ ತುದಿಯಲ್ಲಿ ಯಾವ ಸ್ವಿಚ್ ಇದೆ ಎಂದು ಬಾಂಡಿಂಗ್ ಹೇಳುವುದಿಲ್ಲ. ಸ್ವಿಚ್ ತನ್ನ ಹೆಸರು, ಪೋರ್ಟ್ ಸಾರುವ ಎಲ್‌ಎಲ್‌ಡಿಪಿ ಹೇಳುತ್ತದೆ, ಒಂದೇ ಆದೇಶ ಸಾಕಿತ್ತು. ಆದರೆ ‘ಆಗಿದೆ’ ಎಂದು ಬರೆದವರ ಮಾತನ್ನೂ ನಾನೇ ಹೋಗಿ ಪರೀಕ್ಷಿಸಬೇಕಾದರೆ ಅವರು ಇರುವುದು ಯಾತಕ್ಕೆ? ಯಾರಾದರೂ ಉತ್ತರ ಹೇಳಿ. ಬಾಯಿಮಾತಿನ ಅಪ್ಪಣೆಗೆ ಲಾಗ್‌ನಲ್ಲಿ ನನ್ನ ಹೆಸರೇ ಏಕೆ ನಿಲ್ಲಬೇಕು? ಹೇಳಿ!

ರಾಜೀನಾಮೆ ಬರೆದಿಟ್ಟಿದ್ದೇನೆ. ಕಳುಹಿಸುವುದಿಲ್ಲ, ಗೊತ್ತು. ಮನೆಯ ಸಾಲದ ಕಂತು ಐದನೆಯ ತಾರೀಖಿಗೆ. ಹೋಗಲಿ ಬಿಡಿ, ಎಲ್ಲ ಕಡೆಯೂ ಇದೇ ಪಾಡು ಎಂದುಕೊಳ್ಳುತ್ತೇನೆ. ಮರುಕ್ಷಣವೇ ಆ ‘ಇನ್ನೊಮ್ಮೆ ಓದಿ’ ಕಿವಿಯಲ್ಲಿ ಗುಂಯ್‌ಗುಡುತ್ತದೆ.

ಸಂಜೆ ಏಳಕ್ಕೆ ಮೇಲ್ ಬಂತು: ‘ಕೇಬಲ್ ಬದಲಿಸಲಾಗಿದೆ.’ ಈ ಸಲ ಎಲ್‌ಎಲ್‌ಡಿಪಿ ನೋಡಿದೆ. ಪೋರ್ಟ್ 11, ಪೋರ್ಟ್ 14. ಸ್ವಿಚ್ ಅದೇ.