ಸ್ಪೀಕರ್ ಬದಲಾಯಿಸಿದ ಮೇಲೆ ಕೇಳಿಸಿದ್ದು

ನಮ್ಮ ಕಾರಿನಲ್ಲಿ ಏಳು ವರ್ಷ ಎಲ್ಲ ಗಾಯಕರಿಗೂ ನೆಗಡಿ ಆಗಿತ್ತು. ಗಂಡಸರು ಹಾಡಲಿ, ಹೆಂಗಸರು ಹಾಡಲಿ, ಸುಮ್ನೆ ಶಹನಾಯಿ ಇರಲಿ, ಎಲ್ಲ ಮೂಗಿನಿಂದಲೇ ಬರುತ್ತಿತ್ತು. ಅದು ತೊಂದರೆ ಅಂತ ನಮಗೆ ಯಾರಿಗೂ ಅನಿಸಿರಲಿಲ್ಲ. ಕಾರಿನ ಹಾಡು ಅಂದರೆ ಹೀಗೇ ಇರುತ್ತದೆ ಅಂದುಕೊಂಡಿದ್ದೆವು. ಅದೂ ಅಲ್ಲದೆ ನಮ್ಮದು ಹಾಡು ಕೇಳುವ ಕಾರಲ್ಲ. ಹಿಂದೆ ಡಿಕ್ಕಿ ಇರುವ ಸಂಸಾರದ ಕಾರು. ಅದರಲ್ಲಿ ಮಗಳ ಸೈಕಲ್ ಹೋಗಿದೆ, ಮದುವೆಯ ಪಾತ್ರೆ ಹೋಗಿದೆ, ಊರಿಂದ ತೊಗರಿ ಚೀಲ ಬಂದಿದೆ. ಹಾಡು ಇವೆಲ್ಲದರ ನಡುವೆ ಸುಮ್ಮನೆ ಒಂದು ಕಡೆ ಗುನುಗುತ್ತಿತ್ತು.

ಕೆಡಿಸಿದ್ದು ಬೀದರಿನ ನನ್ನ ಭಾವಮೈದ. ಹೋದ ವರ್ಷ ಅವನ ಕಾರಿನಲ್ಲಿ ಹುಮನಾಬಾದಿಗೆ ಹೋಗುವಾಗ ಒಂದು ಹಳೆಯ ಹಾಡು ಹಾಕಿದ. ಇಪ್ಪತ್ತು ವರ್ಷದಿಂದ ಕೇಳಿದ ಹಾಡು, ನಿದ್ದೆಯಲ್ಲೂ ಹೇಳುತ್ತೇನೆ. ಅವತ್ತು ಅದರಲ್ಲಿ ಡಗ್ಗಾದ ಗುಮುಕು ಕೇಳಿಸಿತು. ಈ ಹಾಡಿನಲ್ಲಿ ತಬಲಾ ಇದೆ ಅಂತ ಗೊತ್ತಿತ್ತು, ಆದರೆ ತಬಲಾದವನಿಗೆ ಎಡಗೈಯೂ ಇದೆ ಅಂತ ಗೊತ್ತಿರಲಿಲ್ಲ. ವಾಪಸ್ ಬಂದು ನಮ್ಮ ಕಾರಿನಲ್ಲಿ ಅದೇ ಹಾಡು ಹಾಕಿದೆ. ಎಡಗೈ ಇಲ್ಲ. ಬಲಗೈಗೂ ಲಕ್ವ ಹೊಡೆದ ಹಾಗಿತ್ತು.

ಹೀಗೆ ಒಂದು ಸಲ ಕಿವಿ ಕೆಟ್ಟರೆ ಮುಗಿಯಿತು.

ಕಲಬುರಗಿಯಲ್ಲಿ ಸೀಟ್ ಕವರ್ ಹಾಕುವವರು, ಗಾಜಿಗೆ ಫಿಲ್ಮ್ ಅಂಟಿಸುವವರು, ಸ್ಪೀಕರ್ ಕೂರಿಸುವವರು ಬೇರೆ ಬೇರೆ ಇರುವುದು ಕಡಿಮೆ, ಎಲ್ಲ ಒಂದೇ ಅಂಗಡಿ. ನಾನು ಹೋದದ್ದು ರಿಂಗ್ ರೋಡಿನ ಅಂಥ ಒಂದು ಅಂಗಡಿಗೆ. ಬಾಗಿಲಲ್ಲಿ ಬೇವಿನ ಮರ, ಮರದ ಕೆಳಗೆ ಕಾರು, ಕಾರಿನೊಳಗಿಂದ ಯಾರದೋ ಎರಡು ಕಾಲು. ಅಂಗಡಿ ಮಾಲಕ ನನ್ನ ಕಾರಿನ ಹಾಡನ್ನು ಅರ್ಧ ನಿಮಿಷ ಕೇಳಿ ಬಂದ್ ಮಾಡಿದರು.

"ಕಂಪನಿ ಸ್ಪೀಕರ್ ಅಂದ್ರ ಮದುವಿ ಊಟದ ಪತ್ರೋಳಿ ಇದ್ದಂಗ್ರಿ ಸರ್. ಒಂದು ಊಟಕ್ಕ ಸಾಕು. ನೀವು ಏಳು ವರ್ಷದಿಂದ ಅದರಾಗೇ ಉಣ್ಣಲತ್ತೀರಿ."

ನಾನು ಡಬ್ಬಿಗಳ ಮೇಲಿನ ಅಂಕಿ ನೋಡತೊಡಗಿದೆ. ಒಂದರ ಮೇಲೆ 300 ವಾಟ್ ಅಂತ ದೊಡ್ಡದಾಗಿ ಬರೆದಿತ್ತು. ಅದನ್ನೇ ಕೊಡಿ ಅಂದೆ. ಅವರು ನಕ್ಕು ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ತೋರಿಸಿದರು. ಅಲ್ಲಿ ಆರ್‌ಎಂಎಸ್ 50 ವಾಟ್ ಅಂತ ಇತ್ತು. ಮುಂದೆ ಬರೆದಿರುವುದು ಪೀಕ್ ಪವರ್, ಅಂದರೆ ಕನ್ಯಾ ನೋಡಲಿಕ್ಕೆ ಹೋದಾಗ ಹೇಳುವ ಸಂಬಳ. ಆರ್‌ಎಂಎಸ್ ಅಂದರೆ ತಿಂಗಳ ಕೊನೆಗೆ ಕೈಗೆ ಬರುವುದು. ಸ್ಪೀಕರ್ ಎಷ್ಟು ತಾಳಿಕೊಳ್ಳುತ್ತದೆ ಅನ್ನೋದು ಒಂದು ಕಡೆ, ಅದಕ್ಕೆ ಕೊಡಲಿಕ್ಕೆ ನಮ್ಮ ಹತ್ತಿರ ಎಷ್ಟಿದೆ ಅನ್ನೋದು ಇನ್ನೊಂದು ಕಡೆ. ಕಾರಿನ ಜೊತೆ ಬಂದ ಸ್ಟಿರಿಯೋ ನಿಜವಾಗಿ ಕೊಡುವುದು ಒಂದು ಸ್ಪೀಕರಿಗೆ 15ರಿಂದ 20 ವಾಟ್ ಅಷ್ಟೇ. ಅದರ ಮೇಲಿನದು ಬೇಕಂದರೆ ಆಂಪ್ಲಿಫೈಯರ್ ಹಾಕಬೇಕು, ಬ್ಯಾಟರಿಯಿಂದ ದಪ್ಪ ವೈರ್ ಎಳೆಯಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇಡಬೇಕು. ಅಷ್ಟಕ್ಕೆ ನನ್ನ ಜೇಬೂ ತಯಾರಿರಲಿಲ್ಲ, ಮನೆಯ ವಾತಾವರಣವೂ ತಯಾರಿರಲಿಲ್ಲ.

ಅವರು ನೋಡು ಅಂದದ್ದು ಯಾರೂ ನೋಡದ ಇನ್ನೊಂದು ಅಂಕಿಯನ್ನು. ಸೆನ್ಸಿಟಿವಿಟಿ, ಡೆಸಿಬೆಲ್‌ನಲ್ಲಿ. 87 ಇರುವ ಸ್ಪೀಕರಿಗೆ 20 ವಾಟ್ ಕೊಟ್ಟರೆ ಎಷ್ಟು ಸದ್ದೋ, 90 ಇರುವುದಕ್ಕೆ 10 ವಾಟ್ ಕೊಟ್ಟರೆ ಅಷ್ಟೇ ಸದ್ದು. ಬರೀ ಮೂರರ ವ್ಯತ್ಯಾಸಕ್ಕೆ ಅರ್ಧ ಉಳಿತಾಯ. ಕಡಿಮೆ ತಿಂದು ಜಾಸ್ತಿ ದುಡಿಯುವ ಎತ್ತು ಸಂತೆಯಲ್ಲಿ ಸಿಕ್ಕರೆ ಯಾರು ಬಿಡುತ್ತಾರೆ? ಮುಂದಿನ ಬಾಗಿಲುಗಳಿಗೆ ಆರೂವರೆ ಇಂಚಿನ ಕಾಂಪೊನೆಂಟ್ ಜೋಡಿ, ಅದರ ಟ್ವೀಟರ್, ಅಂದರೆ ಮೇಲಿನ ಸ್ಥಾಯಿಯ ಸದ್ದಿಗೆ ಇರುವ ಪುಟ್ಟ ಸ್ಪೀಕರ್, ಬೇರೆ. ಹಿಂದಿನ ಗಾಜಿನ ಕೆಳಗಿನ ಹಲಗೆಗೆ ಮೊಟ್ಟೆ ಆಕಾರದ ಸಿಕ್ಸ್ ಬೈ ನೈನ್, ಅದರ ನಡುವೆಯೇ ಟ್ವೀಟರ್. ಒಟ್ಟು ಎಷ್ಟಾಯಿತು ಅಂತ ಹೆಂಡತಿ ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ. ಒಂದರ ಬೆಲೆ ಹೇಳಿದೆ. ಎಷ್ಟು ಒಂದುಗಳು ಅಂತ ಅವಳು ಕೇಳಲಿಲ್ಲ.

ಕೆಲಸ ಶುರುವಾಗುವಾಗ ಹನ್ನೊಂದು ಗಂಟೆ. ಏಪ್ರಿಲ್ ಕೊನೆ, ಬಿಸಿಲು 42ರ ಹತ್ತಿರ. ಆ ಎರಡು ಕಾಲಿನ ಹುಡುಗ ಈಗ ಪೂರ್ತಿ ಹೊರಗೆ ಬಂದ. ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದ. ಹಿಡಿಕೆಯ ಸಂದಿಯಲ್ಲಿದ್ದ ಸ್ಕ್ರೂ ಬಿಚ್ಚಿ, ಬಾಗಿಲಿನ ಒಳಹೊದಿಕೆಯ ಅಂಚಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಎಳೆದ. ಫಟ್. ಒಳಗಿನ ಕ್ಲಿಪ್ಪುಗಳು ಒಂದೊಂದೇ ಬಿಡುತ್ತಿದ್ದವು. ನಾನು ಪ್ರತಿ ಫಟ್‌ಗೂ ಒಂದು ಹೆಜ್ಜೆ ಹಿಂದೆ ಸರಿದೆ. ಏಳನೆಯ ಫಟ್ ಹೊತ್ತಿಗೆ ಮರದ ನೆರಳು ಮುಗಿದು ಬಿಸಿಲಿಗೆ ಬಂದಿದ್ದೆ. ಅದರಲ್ಲಿ ಎರಡು ಕ್ಲಿಪ್ ಮುರಿದವು. "ಸಿಗ್ತಾವ್ರಿ ಸರ್, ಡಬ್ಬಿ ತುಂಬ ಅವ" ಅಂದ ಹುಡುಗ, ತಲೆ ಎತ್ತದೆ.

ಕಾರಿನ ಬಾಗಿಲೊಳಗೆ ಏನಿರುತ್ತದೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಮಗಳು ಎರಡನೇ ಕ್ಲಾಸಿನಲ್ಲಿ ಕಳೆದುಕೊಂಡು ಅತ್ತಿದ್ದ ಗುಲಾಬಿ ಕ್ಲಿಪ್ ಅಲ್ಲಿತ್ತು. ಒಂದು ಪಾರ್ಕಿಂಗ್ ಚೀಟಿ ಇತ್ತು. ತಳದಲ್ಲಿ ಕೆಸರು ಒಣಗಿ ಪದರ ಕಟ್ಟಿತ್ತು. ಗಾಜಿನ ಮೇಲೆ ಬಿದ್ದ ಮಳೆ ನೀರು ಬಾಗಿಲೊಳಗೇ ಇಳಿದು ಕೆಳಗಿನ ತೂತಿನಿಂದ ಹೊರಗೆ ಹೋಗುತ್ತದಂತೆ. ಅದಕ್ಕೇ ಅಲ್ಲೊಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದನ್ನು ಹರಿದು ಬಿಸಾಕುವವರ ಹತ್ತಿರ ಸ್ಪೀಕರ್ ಹಾಕಿಸಬೇಡಿ, ಇಷ್ಟು ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ.

ಹಳೆಯ ಸ್ಪೀಕರ್ ನನ್ನ ಕೈಗೆ ಕೊಟ್ಟ. ಖಡಕ್ ರೊಟ್ಟಿ ಹಿಡಿದ ಹಾಗಾಯಿತು. ಅಷ್ಟೇ ಹಗುರ, ಅಷ್ಟೇ ಒಣ. ತೆಳು ಕಾಗದದ ಬಟ್ಟಲು, ಹಿಂದೆ ಪುಟ್ಟ ಅಯಸ್ಕಾಂತ. ಟ್ವೀಟರ್ ಅನ್ನೋದು ಇಲ್ಲವೇ ಇಲ್ಲ. ಇದೊಂದೇ ಕಾಗದ ಏಳು ವರ್ಷ ಡಗ್ಗಾನೂ ಆಗಬೇಕು, ಕೊಳಲೂ ಆಗಬೇಕು, ನ್ಯಾವಿಗೇಷನ್ ಹೆಂಗಸೂ ಆಗಬೇಕು. ಮನೆಯ ಹಿರಿ ಸೊಸೆಯ ಗತಿ. ಸ್ವಲ್ಪ ಪಾಪ ಅನಿಸಿತು.

ಹೊಸದನ್ನು ಹಾಗೇ ಕೂರಿಸುವಂತಿಲ್ಲ. ಸ್ಪೀಕರ್ ಮುಂದೆ ಎಷ್ಟು ಗಾಳಿ ತಳ್ಳುತ್ತದೋ ಹಿಂದೆ ಅಷ್ಟೇ ಎಳೆಯುತ್ತದೆ. ಬಾಗಿಲಿನ ತಗಡಿನಲ್ಲಿ ಊರಗಲ ತೂತು ಇದ್ದರೆ ಹಿಂದಿನ ಸದ್ದು ಸುತ್ತಿ ಬಂದು ಮುಂದಿನದನ್ನು ಕೊಲ್ಲುತ್ತದೆ. ಮೊದಲು ಸಾಯುವುದು ದಪ್ಪ ದನಿಯ ಡಗ್ಗಾ. ಅದಕ್ಕೆ ಹುಡುಗ ಸ್ಪೀಕರಿನ ಕೆಳಗೆ ಒಂದು ಬಳೆ ಇಟ್ಟ, ತಗಡಿಗೆ ಕಪ್ಪು ರಬ್ಬರಿನ, ಮೇಲೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿ ಉರುಳೆಯಿಂದ ಒತ್ತಿದ. ನೀರು ಹೋಗುವ ತೂತು ಮಾತ್ರ ಬಿಟ್ಟ. ಆಮೇಲೆ ಬಾಗಿಲು ಹಾಕಿದರೆ ಮೊದಲಿನ ಡಬ್ಬಿ ಸದ್ದಿಲ್ಲ. ಢಪ್ ಅಂತು. ಸಾಲದ ಕಾರು ಕೂಡಲೇ ಸಾಹುಕಾರನ ಕಾರು ಆದ ಹಾಗೆ. ನಿಜ ಹೇಳಬೇಕೆಂದರೆ ಕೊಟ್ಟ ದುಡ್ಡಿನಲ್ಲಿ ಅರ್ಧ ಆ ಢಪ್‌ಗೇ ಸಂದಿತು. ನಾನು ನಾಲ್ಕು ಸಲ ತೆಗೆದು ಹಾಕಿದೆ.

ಎಲ್ಲ ಮುಗಿದು ಹಾಡು ಹಾಕಿದರೆ ಡಗ್ಗಾ ಇಲ್ಲ!

ಮೊದಲಿಗಿಂತ ಕಡಿಮೆ ಇತ್ತು. ಹಾಡುವವರು ಎಲ್ಲಿ ಕೂತಿದ್ದಾರೆ ಅಂತಲೂ ತಿಳಿಯುತ್ತಿರಲಿಲ್ಲ, ದನಿ ತಲೆಯ ಸುತ್ತ ಸೊಳ್ಳೆ ಹಾಗೆ ಓಡಾಡುತ್ತಿತ್ತು. ನನ್ನ ಮುಖ ನೋಡಿ ಹುಡುಗ ಮಾತಾಡದೆ ಮತ್ತೆ ಬಾಗಿಲು ಬಿಚ್ಚಿದ. ಜೇಬಿನಿಂದ ಒಂದು ಪೆನ್ಸಿಲ್ ಸೆಲ್ ತೆಗೆದ, ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನದು. ಸ್ಪೀಕರಿನ ಎರಡು ವೈರನ್ನು ಅದರ ಎರಡು ತುದಿಗೆ ಮುಟ್ಟಿಸಿದ. ಟಪ್ ಅಂತ ಸ್ಪೀಕರಿನ ಹೊಟ್ಟೆ ಒಳಗೆ ಹೋಯಿತು. ಬಲಗಡೆಯದಕ್ಕೆ ಹಾಗೇ ಮುಟ್ಟಿಸಿದ. ಟಪ್, ಹೊರಗೆ ಬಂತು. "ನೋಡ್ರಿ ಸರ್, ಇವ ಉಸಿರು ಬಿಡೋವಾಗ ಅವ ಉಸಿರು ತಗೊಳ್ಳಲತ್ತಾನ." ಎಡಗಡೆ ಪ್ಲಸ್ ಮೈನಸ್ ಅದಲು ಬದಲು ಆಗಿತ್ತು. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತಿತ್ತು. ವೈರ್ ತಿರುವಿ ಹಾಕಿದ ಮೇಲೆ ತಬಲಾದವನು ಡ್ಯಾಶ್‌ಬೋರ್ಡಿನ ಮೇಲೆ ಬಂದು ಕೂತ, ಎರಡೂ ಕೈ ಸಮೇತ.

ಮನೆಗೆ ಬರುವಾಗ ಇನ್ನೊಂದು ವಾದ್ಯ ಸೇರಿಕೊಂಡಿತು. ಡಗ್ಗಾ ಬಂದಾಗಲೆಲ್ಲ ಹಿಂದಿನಿಂದ ಗಿಲಿಗಿಲಿ, ಗಿಲಿಗಿಲಿ. ಸ್ಪೀಕರ್ ಹರಿಯಿತು ಅಂದುಕೊಂಡೆ. ರಾಮ ಮಂದಿರ ಸರ್ಕಲ್ ದಾಟಿ ಗಾಡಿ ನಿಲ್ಲಿಸಿ ಡಿಕ್ಕಿ ತೆಗೆದೆ, ಸ್ಟೆಪ್ನಿ ಎತ್ತಿದೆ. ಅದರ ಕೆಳಗೆ ಒಂದು ಹಿಡಿ ತೊಗರಿ. ಯಾವ ವರ್ಷದ ಚೀಲದಿಂದ ಸೋರಿದ್ದೋ. 2019ರಲ್ಲಿ ಜಿಐ ಟ್ಯಾಗ್ ಪಡೆದ ತೊಗರಿ ನಮ್ಮದು. ಅದಕ್ಕೆ ತಾಳಜ್ಞಾನ ಇದೆ ಅಂತ ಆ ಕಾಗದದಲ್ಲಿ ಬರೆದಿರಲಿಕ್ಕಿಲ್ಲ. ಅದನ್ನು ಆರಿಸಿ ತೆಗೆದರೆ ನಂಬರ್ ಪ್ಲೇಟು ಶುರುವಾಯಿತು. ಅದಕ್ಕೆ ರಬ್ಬರ್ ಕೊಟ್ಟರೆ ಸೀಟ್ ಬೆಲ್ಟಿನ ಕೊಂಡಿ. ಒಂದು ವಾರ ನಾನು ಹಾಡು ಕೇಳಲಿಲ್ಲ, ಕಾರು ಕೇಳಿದೆ. ಮೊದಲು ಇವೆಲ್ಲ ಸುಮ್ಮನಿದ್ದವು ಅಲ್ವಾ?

ಹಾಡುಗಳ ಬಣ್ಣವೂ ಬಯಲಾಯಿತು. ಎಂದೋ ಯಾರಿಂದಲೋ ಪೆನ್‌ಡ್ರೈವಿಗೆ ಹಾಕಿಸಿಕೊಂಡ ನಾಲ್ಕುನೂರು ಹಾಡು ಬರೀ 128 ಕೆಬಿಪಿಎಸ್‌ನವು, ಜಾಗ ಉಳಿಸಲಿಕ್ಕೆ ಹಿಂಡಿ ಇಟ್ಟವು. ಹಳೆಯ ಸ್ಪೀಕರಿನಲ್ಲಿ ಗೊತ್ತಾಗುತ್ತಿರಲಿಲ್ಲ. ಈಗ ತಾಳ ಬಡಿದರೆ ಎಣ್ಣೆಗೆ ನೀರು ಬಿದ್ದ ಸದ್ದು.

ಆದರೆ ಮುಖ್ಯ ವಿಷಯ ಭಜನೆಯದು.

ಎರಡು ವರ್ಷದ ಹಿಂದೆ ನಮ್ಮ ಮನೆಯ ವಾಸ್ತು ಶಾಂತಿ ಆಯಿತು. ರಾತ್ರಿ ಊರಿನ ಭಜನಾ ಮಂಡಳಿಯವರು ಬಂದು ಬೆಳಗಿನ ತನಕ ತತ್ವಪದ ಹಾಡಿದರು. ಹಾರ್ಮೋನಿಯಂ, ಏಕತಾರಿ, ದಮ್ಮಡಿ, ತಾಳ. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಫೋನ್ ಇಡಲಿಕ್ಕೆ ಜಾಗ ಸಿಗದೆ ಹೆಂಗಸರು ಕೂತ ಕಡೆ ಕಿಟಕಿಯ ಕಟ್ಟೆ ಮೇಲೆ ಇಟ್ಟಿದ್ದೆ. ಅವ್ವನಿಗೆ ಆ ರೆಕಾರ್ಡಿಂಗ್ ಅಂದರೆ ಪ್ರಾಣ. ತನ್ನ ಫೋನಿಗೂ ಹಾಕಿಸಿಕೊಂಡಿದ್ದಾಳೆ, ಕಾರು ಹತ್ತಿದ ಕೂಡಲೇ "ತಮ್ಮಾ, ಭಜನಿ ಹಚ್ಚು" ಅನ್ನುತ್ತಾಳೆ.

ಸ್ಪೀಕರ್ ಹಾಕಿಸಿದ ಮೇಲೆ ಮೊದಲ ಸಲ ಹಚ್ಚಿದೆ. ಅವ್ವ ಹಿಂದಿನ ಸೀಟಿನಲ್ಲಿ, ಸಿಕ್ಸ್ ಬೈ ನೈನ್ ಸರಿಯಾಗಿ ಅವಳ ಕಿವಿಯ ಹಿಂದೆ. ಪಿಸುಮಾತಿನ ಜೀವ ಇರುವುದು ಸ, ಶ, ಚ ಇಂಥ ಸಣ್ಣ ಸದ್ದುಗಳಲ್ಲಿ. ಅವು ಮೇಲಿನ ಸ್ಥಾಯಿಯವು, ಟ್ವೀಟರ್ ಇಲ್ಲದ ಕಾಗದದಲ್ಲಿ ಸರಿಯಾಗಿ ಬರುವುದೇ ಇಲ್ಲ, ದಮ್ಮಡಿ ಕೆಳಗೆ ಮುಚ್ಚಿಹೋಗುತ್ತವೆ. ಎರಡು ವರ್ಷ ಮುಚ್ಚಿಹೋಗಿದ್ದವು. ಅವತ್ತು ಎರಡನೇ ಪದ ಮುಗಿದು ಮೂರನೆಯದಕ್ಕೆ ಹಾರ್ಮೋನಿಯಂನವನು ಸುರ ಹಿಡಿಯುವ ಸಂದಿಯಲ್ಲಿ, ನನ್ನ ಸೋದರತ್ತೆಯ ದನಿ ಸ್ವಚ್ಛವಾಗಿ ಬಂತು.

"ವೈನಿ ಹೂರ್ಣದಾಗ ಬೆಲ್ಲ ಎಣಿಸಿ ಹಾಕ್ಯಾರ."

ವೈನಿ ಅಂದರೆ ಅತ್ತಿಗೆ, ಅಂದರೆ ನಮ್ಮ ಅವ್ವ. ಆಮೇಲೆ ಇನ್ನೊಂದು ದನಿ, ಯಾರದು ಅಂತ ಇನ್ನೂ ತನಿಖೆ ನಡೆದಿದೆ. "ಎಣಿಸಿ ಅಲ್ಲವ್ವ, ತೂಗಿ ಹಾಕ್ಯಾರ."

ನಾನು ಕನ್ನಡಿಯಲ್ಲಿ ನೋಡಿದೆ. ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೇಳಿಸಿರಲಿಕ್ಕಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಅದು ನನ್ನ ದಡ್ಡತನ. 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿಯನ್ನು, ಮೀಡಿಯಂ ವೇವಿನಲ್ಲಿ, ಅಡಿಗೆ ಮನೆಯ ಒಗ್ಗರಣೆ ಸದ್ದಿನ ನಡುವೆ, ಅಂಗೈ ಅಗಲದ ಸ್ಪೀಕರಿನಲ್ಲಿ ಕೇಳಿ ಬೆಳೆದ ಕಿವಿ ಅದು. ಅದಕ್ಕೆ ಅರ್ಧ ಅಕ್ಷರ ಸಿಕ್ಕರೂ ಪೂರ್ತಿ ಸುದ್ದಿ ತಿಳಿಯುತ್ತದೆ. ಸುಮಾರು ಹೊತ್ತಾದ ಮೇಲೆ ಅವ್ವ ಕೇಳಿದಳು, "ಈ ಸ್ಪೀಕರ್‌ಗೆ ಎಷ್ಟಾತೋ?" ಒಂದರ ಬೆಲೆ ಹೇಳಿದೆ. "ಅಡ್ಡಿಯಿಲ್ಲ, ಛಲೋ ಅವ" ಅಂದಳು.

ಮುಂದಿನ ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟೆವು. ಚೌಡಾಪುರದಲ್ಲಿ ಸೋದರತ್ತೆಯನ್ನು ಹತ್ತಿಸಿಕೊಳ್ಳುವುದು ಅಂತ ಮೊದಲೇ ಮಾತಾಗಿತ್ತು. ಅತ್ತೆ ಬಂದು ಅವ್ವನ ಪಕ್ಕದಲ್ಲಿ ಕೂತರು, ಎರಡೂ ಕಿವಿ ಎರಡು ಸ್ಪೀಕರಿನ ಮುಂದೆ. ನಾನು ಜಾಗ್ರತೆಯಿಂದ ಯಾವುದೋ ಸಿನಿಮಾ ಹಾಡು ಹಾಕಿದ್ದೆ.

"ಏನ್ ಛಂದ ಕೇಳಸ್ಲತ್ತದೋ ತಮ್ಮಾ ನಿನ್ನ ಕಾರಿನಾಗ" ಅಂದರು ಅತ್ತೆ.

"ಹೌದವ್ವ, ಎಲ್ಲಾ ಬಿಡಿಸಿ ಬಿಡಿಸಿ ಕೇಳಸ್ತದ" ಅಂದಳು ಅವ್ವ. "ತಮ್ಮಾ, ವಾಸ್ತು ಶಾಂತಿದು ಭಜನಿ ಹಚ್ಚು. ನಿಮ್ಮ ಅತ್ತಿ ಕೇಳಲಿ."

ನನ್ನ ಫೋನಿನಲ್ಲಿ ಚಾರ್ಜ್ ಇಲ್ಲ ಅಂದೆ.

"ನನ್ನ ಫೋನಿನಾಗೂ ಅದ" ಅಂತ ಅವ್ವ ಕೈಚೀಲದೊಳಗೆ ಕೈ ಹಾಕಿದಳು.